ಇನ್ನೂ ಒಂದು ಬೆರಳು ಜಾಗ

ಮೊಂಟೆಗ್ರೀಸೊ ಗುಡ್ಡದ ನೆತ್ತಿಯಲ್ಲಿ, ಊರಬಾಗಿಲ ಕಲ್ಲುಬೆಂಚಿನ ಮೇಲೆ ಕೂತ ಮುದುಕ ಎವರಿಸ್ತೋನಿಗೆ, ಇಟಲಿ ಸುತ್ತಲು ಹೊರಟವರ ಬಾಡಿಗೆ ಕಾರು ಕೆಳಗಿನ ತಿರುವಿನಲ್ಲಿ ಏದುಸಿರು ಬಿಡುವ ಸದ್ದು ಮದುವೆಯ ಓಲಗದಂತೆ ಕೇಳಿಸುತ್ತದೆ. ಕೂಡಲೇ ಮಂಡಿನೋವು ಮರೆತು ನಡುರಸ್ತೆಯಲ್ಲಿ ನಿಂತು ಕೈಬೀಸುತ್ತಾನೆ: "ಬನ್ನಿ ಸ್ವಾಮಿ, ಬನ್ನಿ! ಈ ಓಣೀಲಿ ಪಿಯಾನೋನೇ ಹೋಗಿದೆ, ನಿಮ್ಮ ಕಾರೇನು ಮಹಾ!" ಪಿಯಾನೋ ಹೋದದ್ದು ನಿಜ, ಕಾಲು ಬಿಚ್ಚಿಸಿಕೊಂಡು. ಕಾರು ಮಾತ್ರ ಓಣಿಯ ತಿರುವಿನಲ್ಲಿರುವ ಸಾಂತೀನಾಳ ಮನೆಯ ಮೂಲೆಯಲ್ಲಿ ಸೀಸೆಯ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಆಗ ಕಿಟಕಿಗಳೆಲ್ಲ ತೆರೆದು, ಊರಲ್ಲಿ ಉಳಿದ ಹನ್ನೊಂದು ಜನ ಹನ್ನೊಂದು ದಿಕ್ಕಿಗೆ ಸ್ಟೇರಿಂಗ್ ತಿರುಗಿಸಲು ಹೇಳುತ್ತಾರೆ. "ಇನ್ನೂ ಒಂದು ಬೆರಳು ಜಾಗ ಇದೆ!" ಎಂದು ಎವರಿಸ್ತೋ ಕೂಗಿದರೆ, "ಯಾರ ಬೆರಳೋ, ಹಸುಗೂಸಿಂದಾ?" ಎಂದು ಛೇಡಿಸುತ್ತಲೇ ಸಾಂತೀನಾ ತನ್ನ ಕಿಟಕಿಯಿಂದ ಕಾರಿನ ಕಿಟಕಿಗೆ ರೊಟ್ಟಿ, ಚೀಸು, ವೈನು ದಾಟಿಸುತ್ತಾಳೆ. ಕಾರು ಬಿಡಿಸುವಷ್ಟರಲ್ಲಿ ಊಟ ಮುಗಿದು ಹಾಡೂ ಆಗಿರುತ್ತದೆ. ಮೂಲೆಗಲ್ಲಿಗೆ ಮೆತ್ತಿದ ಬಣ್ಣಗಳನ್ನು ಎವರಿಸ್ತೋ ನೆಂಟರ ಪಟಗಳಂತೆ ತೋರಿಸುತ್ತಾನೆ: "ಈ ಕೆಂಪು ಹಾಲೆಂಡಿನ ಹಲ್ಲು ಡಾಕ್ಟರ್ದು. ಈ ಬಿಳಿ ಹೊಸ ಮದುಮಕ್ಳದ್ದು. ಪಾಪ, ಮೊದಲ ಜಗಳ ಇಲ್ಲೇ ಆಡಿದ್ರು." ಸುಡುವ ಆಗಸ್ಟಿನಲ್ಲೂ ಅವನು ಉಣ್ಣೆಯ ಕೋಟು ತೊಟ್ಟೇ ಬರುತ್ತಾನೆ, ಬಂದವನೇ ಬಿಚ್ಚಿ ಊರಬಾಗಿಲ ಕಂಬಕ್ಕೆ ತೂಗುಹಾಕುತ್ತಾನೆ. ಸಂಜೆ ಕೋಟು ತೆಗೆದಾಗ ಅದರಡಿಯ ಫಲಕ ಕಾಣುತ್ತದೆ: ಕಾರುಗಳಿಗೆ ಪ್ರವೇಶವಿಲ್ಲ. ಹೋದ ವರ್ಷ ಅವನು ಜ್ವರದಿಂದ ಮಲಗಿದ್ದ ಒಂಬತ್ತು ದಿನವೂ ಆ ಫಲಕದ ಮೇಲೆ ಸಾಂತೀನಾಳ ಶಾಲು ಇತ್ತು.