ಚೆಂಡುಹೂವಿನ ಮೇಲೆ ಹೊರಿಸಿದ ತಪ್ಪು

ಅಕ್ಕ, ಭಾವನ ಕಣ್ಣು ಹೋದದ್ದು ನೀನು ಕೋವಿಗೆ ಸಿಕ್ಕಿಸಿದ ಹೂವಿನಿಂದಲ್ಲ. ನಾನು ಆರಿಸಿದ ತೋಟಾದಿಂದ. ಅದು ನನಗೆ ಅವತ್ತೇ ಗೊತ್ತಿತ್ತು — ಅವತ್ತಲ್ಲ, ಅದಕ್ಕೂ ಮುಂಚೆಯೇ ಗೊತ್ತಿತ್ತು.

ಹೇಳಿಬಿಟ್ಟೆ. ಹೇಳಿದ್ದೇನು ಮಹಾ! ವಿಜಯನಗರದ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಒಬ್ಬನೇ ಕೂತು ಹೇಳುತ್ತಿದ್ದೇನೆ. ನಿನ್ನ ಮುಖ ನೋಡಿ ಹೇಳುವ ಧೈರ್ಯ ಈಗಲೂ ಬಂದಿಲ್ಲ.

ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದ ಕೋವಿ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ನಿನಗೆ ನೆನಪಿರುತ್ತದೆ. ಕೆಂಗೇರಿಯಾಚೆಯ ನಿಮ್ಮ ರಾಗಿ ಹೊಲಕ್ಕೆ ಕಾಡುಹಂದಿ ನುಗ್ಗುತ್ತಿತ್ತು. ಭಾವನಿಗೆ ಬೆಳೆ ಕಾಯುವ ಲೈಸೆನ್ಸ್ ಇತ್ತು, ಜೊತೆಗೆ ಬೇಟೆಗಾರ ಅನ್ನಿಸಿಕೊಳ್ಳುವ ಚಪಲವೂ ಇತ್ತು. ನಾಲ್ಕು ಜನರೆದುರು ನನ್ನ ಬೆನ್ನು ತಟ್ಟಿ ಹೇಳಿದರು: "ನಮ್ ಭಾಮೈದನೇ ಕಟ್ಕೊಡ್ತಾನೆ ಕಣ್ರೀ. ಒಂದೇಟಿಗೆ ಹಂದಿ ಮಲಗ್ಬೇಕು, ಅಂಥ ಕೋವಿ!"

ಆ ಮಾತಿಗೆ ನಾನು ಉಬ್ಬಿಹೋದೆ.

ಹೊಸ ಕೋವಿ ಕಟ್ಟುವವನು ಮೊದಲು ತೋಟಾ ಯಾವುದೆಂದು ತೀರ್ಮಾನಿಸಬೇಕು. ನಳಿಗೆಯ ಹಿಂಬದಿಯನ್ನು ಅದರ ಅಳತೆಗೇ ಕೊರೆಯುವುದು. ಕೊರೆದ ಮೇಲೆ ಬದಲಾಯಿಸುವ ಹಾಗಿಲ್ಲ. ನಮಗೆ ಸಿಕ್ಕಿದ್ದು ಯಾವುದೋ ಕಾಲದ ಹಳೆಯ ರೈಫಲಿನ ಒಡಲು. ಅಂಗಡಿಯ ಯಜಮಾನರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಡಿ ಹಳೇದು ಕಣೋ ಗೋಪಿ. ಹಗುರದ ತೋಟಾನೇ ಸಾಕು. ದೊಡ್ಡದರ ಹೊಡ್ತ ಇದು ತಡ್ಕೊಳಲ್ಲ. ನಿಮ್ ಭಾವನ ಕೆಲ್ಸ, ನೀನೇ ನೋಡ್ಕೋ" ಅಂದು ಹೋದರು.

ನಾನು ದೊಡ್ಡದನ್ನೇ ಆರಿಸಿದೆ. ಹಗುರದ ತೋಟಾಕ್ಕೆ ಹಂದಿ ಗಾಯಗೊಂಡು ಓಡಿಹೋದರೆ ಭಾವ ನಗುತ್ತಾರಲ್ಲ ಎಂಬ ಹೆದರಿಕೆ — ಅಷ್ಟೇ ಕಾರಣ. ಥೂ, ಅಷ್ಟಕ್ಕೇ!

ಕಟ್ಟಿ ಮುಗಿಸಿ ಅಂಗಡಿಯ ಹಿಂದಿನ ಮರಳಿನ ಗುಂಡಿಗೆ ಒಂದು ಸಲ ಹಾರಿಸಿದೆ. ತೋಟಾದ ಹಿಂದೆ ಮುಚ್ಚಿಕೊಳ್ಳುವ ಬೋಲ್ಟು ತೆಗೆಯಲು ಬರಲಿಲ್ಲ. ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದೆ. ಹೊರಗೆ ಬಂದ ಖಾಲಿ ತೋಟಾದ ತಳ ಚಪ್ಪಟೆಯಾಗಿತ್ತು, ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿಲ್ಲ — ಕೋವಿ ಈ ತೋಟಾ ತಡೆಯುತ್ತಿಲ್ಲ, ಮತ್ತೆ ಹಾರಿಸಬೇಡ ಎಂದೇ ಅರ್ಥ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಆ ಖಾಲಿ ತೋಟಾವನ್ನು ಜೇಬಿಗೆ ಹಾಕಿಕೊಂಡೆ.

ಅವತ್ತೇ ನೀನು ಅಂಗಡಿಗೆ ಫೋನ್ ಮಾಡಿಸಿದ್ದೆ. "ಆಯುಧ ಪೂಜೆಗೆ ಕೋವಿ ಮನೇಲಿರ್ಲೇಬೇಕು ಕಣೋ. ಎಲ್ರಿಗೂ ಹೇಳ್ಬಿಟ್ಟಿದೀನಿ." ಕೆಟ್ಟಿದೆ ಎನ್ನಬಹುದಿತ್ತು. ಹಬ್ಬ ಕಳೆಯಲಿ, ಆಮೇಲೆ ಏನೋ ನೆಪ ಹೇಳಿ ವಾಪಸು ತಂದರಾಯಿತು ಎಂದುಕೊಂಡು ಬಸ್ಸು ಹತ್ತಿದೆ. ಗೋಣಿಚೀಲದಲ್ಲಿ ಸುತ್ತಿದ ಕೋವಿ ತೊಡೆಯ ಮೇಲಿತ್ತು. ಮೈಸೂರು ರಸ್ತೆಯ ಒಂದೊಂದು ಗುಂಡಿಗೂ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ನೀನು ನೇಗಿಲು, ಮಚ್ಚು, ಕುಡುಗೋಲುಗಳ ಪಕ್ಕದಲ್ಲಿ ಮಣೆ ಹಾಕಿ ಕೋವಿಯನ್ನಿಟ್ಟೆ. ಅರಿಶಿನ ಕುಂಕುಮ ಹಚ್ಚಿದೆ. ನಳಿಗೆಯ ಬಾಯಿಗೆ ಚೆಂಡುಹೂವು ಸಿಕ್ಕಿಸಿದೆ. ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರಲ್ಲ. ನಿನ್ನ ಮಗ ಪುಟ್ಟ ಮಂಜನನ್ನು ಎತ್ತಿಕೊಂಡು, "ಮಾವ ಮಾಡಿದ್ದು ನೋಡು" ಎಂದು ತೋರಿಸಿದೆ.

ಮಾರನೆಯ ಬೆಳಿಗ್ಗೆ ವಿಜಯದಶಮಿ. ಹೊಲದ ಬದುವಿನ ಮೇಲೆ ನಿಂತು ಒಂದು ಗುಂಡು ಹಾರಿಸಿಯೇ ಸಿದ್ಧ ಎಂದು ಭಾವ ಹೊರಟರು. ಕೋವಿಯನ್ನು ನನ್ನ ಕೈಗೆ ಕೊಟ್ಟರು, ಒರೆಸಿಕೊಡು ಅಂತ. ಹೂವು ತೆಗೆದವನು ನಾನೇ ಅಕ್ಕ. ನಳಿಗೆಯೊಳಗೆ ಬಟ್ಟೆ ಹಾಯಿಸಿ, ಅದನ್ನು ಬಿಸಿಲಿಗೆ ಹಿಡಿದು ಇಣುಕಿ ನೋಡಿದವನೂ ನಾನೇ. ಒಳಗೆ ಒಂದು ಎಸಳು, ಒಂದು ತೊಟ್ಟು, ಕುಂಕುಮದ ಒಂದು ಚಿಟಿಕೆ — ಏನೇನೂ ಇರಲಿಲ್ಲ. ಫಳಫಳ ಹೊಳೆಯುತ್ತಿತ್ತು.

ಬೇಡ ಭಾವ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂತು. ಊರಿನವರು ನಿಂತಿದ್ದರು, ಭಾವ ನಗುತ್ತಿದ್ದರು... ಒಂದು ಸಲಕ್ಕೆ ಏನಾಗುತ್ತದೆ, ಅಂಗಡಿಯಲ್ಲಿ ತಡೆಯಿತಲ್ಲ ಎಂದು ದೇವರನ್ನು ನೆನೆದುಕೊಂಡೆ. ಅವರು ಕೋವಿ ಎತ್ತಿದಾಗ ನಾನು ಏನು ಮಾಡಿದೆ ಗೊತ್ತಾ? "ಅಕ್ಕಾ, ಈ ಕಡೆ ಬಾ" ಎಂದು ನಿನ್ನ ರಟ್ಟೆ ಹಿಡಿದು ಹುಣಸೆಮರದ ಹಿಂದಕ್ಕೆ ಎಳೆದುಕೊಂಡೆ.

ನಿನ್ನನ್ನು ಮಾತ್ರ.

ಇವತ್ತಿಗೂ ನೆಂಟರ ಮುಂದೆ ಅದನ್ನು ಹೇಳುತ್ತೀಯ. "ನಮ್ ಗೋಪಿ ಅವತ್ತು ಎಳೀದೇ ಇದ್ದಿದ್ರೆ ನಾನೂ ಉಳೀತಿರ್ಲಿಲ್ಲ." ಪ್ರತಿ ಸಲವೂ ನಾನು ತಟ್ಟೆ ನೋಡುತ್ತಾ ಕೂರುತ್ತೇನೆ. ಎಳೆದದ್ದು ಯಾಕೆ ಎಂದು ನೀನು ಒಂದೇ ಒಂದು ಸಲ ಯೋಚಿಸಿದ್ದರೆ ಸಾಕಿತ್ತು. ಅಪಾಯ ಗೊತ್ತಿಲ್ಲದವನು ಯಾಕೆ ಎಳೆಯುತ್ತಾನೆ? ನೀನು ಎಲ್ಲಿ ಯೋಚಿಸಿಬಿಡುತ್ತೀಯೋ ಎಂಬ ಭಯದಲ್ಲೇ ಇಷ್ಟು ವರ್ಷ ನಿನ್ನ ಕೈಯೂಟ ಉಂಡೆ.

ಬೋಲ್ಟು ಒಡೆದು ಹಿಂದಕ್ಕೆ ಸಿಡಿಯಿತು. ಭಾವನ ಬಲಗಣ್ಣು, ಬಲಗೈಯ ಎರಡು ಬೆರಳು. ಆಸ್ಪತ್ರೆಯ ವರಾಂಡದಲ್ಲಿ ಪೊಲೀಸಿನವರು ಕೇಳಿದರು, "ಕೋವಿ ಕಟ್ಟಿದ್ದು ಯಾರಯ್ಯಾ? ಏನಾಯ್ತು?" ಲೈಸೆನ್ಸು, ಕೋರ್ಟು, ಜೈಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತವು. ನೀನು ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ. ಆಗ ಅಂದೆ:

"ಪೂಜೇಲಿ ನಮ್ಮಕ್ಕ ನಳಿಗೆಗೆ ಹೂವು ಸಿಕ್ಸಿದ್ಳು ಸಾರ್. ತೊಟ್ಟು ಒಳಗೇ ಉಳ್ಕೊಂಡು ನಳಿಗೆ ಕಟ್ಕೊಂಡಿತ್ತೇನೋ, ಅದಕ್ಕೇ ಒಡೀತು."

ನೀನು ತಲೆ ಎತ್ತಿದೆ. "ಅಯ್ಯೋ ನನ್ನ ಕೈ ಸೇದಿಹೋಗ, ನಾನೇ ಮಾಡ್ಬಿಟ್ನಾ?" ಅಂದೆ. ಅಲ್ಲ ಅಕ್ಕ ಎನ್ನಲು ಅರೆಗಳಿಗೆ ಸಾಕಿತ್ತು. ನಾನು ಗೋಡೆಯ ಕಡೆ ತಿರುಗಿದೆ.

ಪೊಲೀಸಿನವರು ಅದನ್ನೇ ಒಪ್ಪಿದರು. ಯಜಮಾನರು ಒಡೆದ ಚೂರುಗಳನ್ನು ನೋಡಿ ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ಅವರಿಗೂ ಅಂಗಡಿ ಮುಚ್ಚಿಹೋಗುವ ಭಯ. ಈಗ ಅವರು ಇಲ್ಲ.

ಅಲ್ಲಿಂದಾಚೆಗೆ ನೀನು ಹೂವು ಮುಡಿದದ್ದನ್ನು ನಾನು ಕಂಡಿಲ್ಲ. ಆಯುಧ ಪೂಜೆಯ ದಿನ ಅಡುಗೆಮನೆ ಬಿಟ್ಟು ಬರುವುದಿಲ್ಲ. ಭಾವ ಒಂದು ದಿನವೂ ನಿನ್ನನ್ನು ಅಂದವರಲ್ಲ. ಅವರು ಅನ್ನದೇ ಇದ್ದದ್ದಕ್ಕೇ ನೀನು ಇನ್ನಷ್ಟು ಬಗ್ಗಿ ನಡೆದೆ. ಅವರು ಒಂಟಿಗಣ್ಣಿನಲ್ಲಿ ನನ್ನತ್ತ ನೋಡಿದಾಗಲೆಲ್ಲ, ಇವರಿಗೆ ಗೊತ್ತಾಗಿದೆ, ಈಗ ಕೇಳಿಬಿಡುತ್ತಾರೆ ಎಂದು ಬೇರೆ ಕಡೆ ನೋಡುತ್ತಿದ್ದೆ. "ಊಟ ಆಯ್ತಾ ಗೋಪಿ?" ಎಂದಷ್ಟೇ ಕೇಳುತ್ತಿದ್ದರು.

ಮೊನ್ನೆ ಮಂಜ ಹೊಸ ವ್ಯಾನು ತಂದ. "ಅಮ್ಮ, ಹಬ್ಬಕ್ಕೆ ಮೊದಲ ಕುಂಕುಮ ನೀನೇ ಹಚ್ಬೇಕು" ಅಂದ. ನೀನು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. "ನನ್ ಕೈ ಬೇಡ ಕಣಪ್ಪ. ನೀನು ಓಡ್ಸೋ ಗಾಡಿ ಅದು." ಹೆದರಿದ್ದೆ ನೀನು, ಅಕ್ಕ. ನಿನ್ನ ಕೈಗೇ ನೀನು ಹೆದರಿದ್ದೆ. ನಾನು ಕಾಫಿ ಲೋಟ ಹಿಡಿದುಕೊಂಡು ಅಲ್ಲೇ ಕೂತಿದ್ದೆ.

ನನಗೆ ಈಗಲೂ ಭಯವೇ. ಹೇಳಿದ ಮೇಲೆ ನೀನು ತಮ್ಮನೇ ಇಲ್ಲ ಎಂದುಕೊಳ್ಳುತ್ತೀಯ. ಹಾಗೆ ಅಂದುಕೊಳ್ಳುವುದೇ ಸರಿ. ಮಂಜ ನನ್ನನ್ನು ಮಾವ ಎಂದು ಕರೆಯುವುದಿಲ್ಲ. ಭಾವ ಏನು ಮಾಡುತ್ತಾರೋ — ಅದನ್ನು ಯೋಚಿಸಲಿಕ್ಕೇ ಆಗುತ್ತಿಲ್ಲ.

ನಾಳೆ ಆಯುಧ ಪೂಜೆ. ಬೆಳಿಗ್ಗೆಯೇ ಬರುತ್ತೇನೆ. ಆ ಖಾಲಿ ತೋಟಾ ಇನ್ನೂ ನನ್ನ ಹತ್ತಿರವಿದೆ, ಅದನ್ನು ಭಾವನ ಕೈಗೇ ಕೊಟ್ಟು ಎಲ್ಲರೆದುರು ಹೇಳುತ್ತೇನೆ. ಆಮೇಲೆ ನೀನು "ಹೋಗು" ಎನ್ನುವ ಮುಂಚೆ ನಾನೇ ಹೋಗಿ ಗೇಟಿನಾಚೆ ನಿಲ್ಲುತ್ತೇನೆ. ನೀನು ಹೊರಗೆ ಬಂದು ನಿನ್ನ ಕೈಯಾರೆ ವ್ಯಾನಿಗೆ ಕುಂಕುಮ ಹಚ್ಚು, ಹೂವು ಮುಡಿಸು. ನಾನು ಅಲ್ಲಿಂದಲೇ ನೋಡಿ ಹೊರಡುತ್ತೇನೆ.