ಕಿಂಡಿಗೆ ತುರುಕಿದ ಹಳೆಯ ಸೀರೆ

ವಿನುತಾ, ನಿನ್ನ ಮಗು ಹೋದದ್ದು ನೀನು ಸೂಟ್‌ಕೇಸ್ ಎತ್ತಿದ್ದರಿಂದಲ್ಲ. ನನ್ನಿಂದ. ನಿನ್ನ ಐರಿನ್ ಆಂಟಿಯಿಂದ. ಅದು ನನಗೆ ಆಗಲೇ ಗೊತ್ತಿತ್ತು — ನೀನು ಆಸ್ಪತ್ರೆಯಿಂದ ವಾಪಸು ಬರುವ ಮೊದಲೇ ಗೊತ್ತಿತ್ತು — ಆದರೂ ಇಷ್ಟು ವರ್ಷ ನಾನು ಬಾಯಿ ಬಿಡಲಿಲ್ಲ.

ಇದನ್ನು ಮೊದಲು ಇಂಗ್ಲಿಷಿನಲ್ಲಿ ಬರೆಯಲು ಕುಳಿತಿದ್ದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿ ಕಲಿಸಿದ ಇಂಗ್ಲಿಷ್ ನನಗೆ ಈಗಲೂ ಸಲೀಸು. ಆದರೆ ಪ್ರತಿ ವಾಕ್ಯವೂ ‘ಅನ್‌ಫಾರ್ಚುನೇಟ್ಲಿ’ ಎಂದೇ ಶುರುವಾಗುತ್ತಿತ್ತು. ಯಾರೋ ಬೇರೆಯವರು ಮಾಡಿದ್ದನ್ನು ನಾನು ವರದಿ ಮಾಡುತ್ತಿರುವ ಹಾಗೆ. ಹರಿದು ಹಾಕಿದೆ. ಕನ್ನಡದಲ್ಲಿ ನನಗೆ ಅಷ್ಟು ನುಣುಪಾದ ಮಾತು ಬರುವುದಿಲ್ಲ. ಒಳ್ಳೆಯದೇ ಆಯಿತು.

ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕಾಗುತ್ತದೆ, ಇದನ್ನು ಬೇರೆಯವರೂ ಓದುತ್ತಾರೆ. ಓದಬೇಕು.

ಇಲ್ಲಿ ಅಮೆರಿಕದಲ್ಲಿ, ಹರ್ನ್‌ಡನ್ನಿನ ನಮ್ಮ ಮನೆ ಹಳೆಯದು. ನನ್ನ ಗಂಡ ವಿಲ್‌ಫ್ರೆಡ್ ತೀರಿಹೋದ ಮೇಲೆ ಬೇಸ್‌ಮೆಂಟನ್ನು ನಾನು ನಮ್ಮ ಕಡೆಯವರಿಗೆ ಬಾಡಿಗೆಗೆ ಕೊಡುತ್ತಿದ್ದೆ. ಬೋರ್ಡಿಲ್ಲ, ಕರಾರಿಲ್ಲ, ಇಲ್ಲಿನ ಸ್ಥಳೀಯ ಆಡಳಿತವಾದ ಕೌಂಟಿಯ ಪರ್ಮಿಷನ್ ಅಂತೂ ಇಲ್ಲವೇ ಇಲ್ಲ. ಇಲ್ಲಿ ನಮ್ಮವರೆಲ್ಲ ಹೀಗೇ ಮಾಡುವುದು. ಕನ್ನಡ ಕೂಟದವರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಒಂದು ಮಾತು ಬಿದ್ದರೆ ಸಾಕು, ಪಕ್ಕದ ಡಲ್ಲಸ್ ಏರ್‌ಪೋರ್ಟಿನಿಂದ ಯಾರಾದರೂ ನೇರ ನಮ್ಮ ಬಾಗಿಲಿಗೇ ಬರುತ್ತಿದ್ದರು. ಹಾಗೆ ಬಂದವರು ನೀನೂ ಪ್ರಶಾಂತನೂ. ಧಾರವಾಡದವರು. ಅವನು ಟೋಲ್ ರೋಡಿನ ಪಕ್ಕದ ಆಫೀಸಿಗೆ ಹೋದರೆ ನೀನು ದಿನವಿಡೀ ಕೆಳಗೇ ಇರುತ್ತಿದ್ದೆ. ಜೋಳದ ರೊಟ್ಟಿ ಬಡಿಯುವ ಸದ್ದು ಮೇಲಿನವರೆಗೂ ಕೇಳುತ್ತಿತ್ತು.

“ಎಂತ ಮಾರಾಯ್ತಿ, ಪೊಲೀಸರು ಬಾಗಿಲು ಬಡಿದ ಹಾಗೆ ಕೇಳ್ತದೆ ಮೇಲೆ!” ಎಂದು ನಾನು ಮೆಟ್ಟಿಲಲ್ಲಿ ನಿಂತು ಕೂಗುತ್ತಿದ್ದೆ.

“ಹಂಗಂದ್ರ ಬರ್ರಿ ಆಂಟಿ, ಅರೆಸ್ಟ್ ಆಗಿ ರೊಟ್ಟಿ ತಿಂದು ಹೋಗ್ರಿ.”

ಆ ನಗು — ಇರಲಿ.

2006ರ ಚಳಿಗಾಲಕ್ಕೆ ಮುಂಚೆ ಚರ್ಚಿನಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ಒಂದೇ ಮಾತು. ಮನೆಗೆ ಚಳಿ ತಡೆಯುವ ಇನ್ಸುಲೇಶನ್ ಹಾಕಿಸಿದರೆ ಸರ್ಕಾರ ಟ್ಯಾಕ್ಸ್ ಕ್ರೆಡಿಟ್ ಕೊಡುತ್ತದೆ. ಕಂಟ್ರ್ಯಾಕ್ಟರನೂ ಮೇಲಿಂದ ರಿಬೇಟ್ ಕೊಡುತ್ತಾನೆ. ಅಟ್ಟದ ತುಂಬ ಬೂದುಬಣ್ಣದ ಹತ್ತಿಯಂಥದ್ದನ್ನು ಊದಿ ತುಂಬುತ್ತಾರೆ, ಗೋಡೆಯ ಸಂದುಗಳಿಗೆಲ್ಲ ನೊರೆ ಹಾಕಿ ಮುಚ್ಚುತ್ತಾರೆ. ನನಗೆ ಇಂಥದ್ದರಲ್ಲಿ ಬಹಳ ಹೆಮ್ಮೆ. ಬಿಟ್ಟಿ ಸಿಗುವುದನ್ನು ಬಿಡದ ಜಾಣೆ ಎಂದು ನನ್ನನ್ನು ನಾನೇ ಹೊಗಳಿಕೊಳ್ಳುವವಳು.

“ಮನಿಗೆ ಸ್ವೆಟರ್ ಹಾಕಸಾಕತ್ತೀರೇನ್ರಿ ಆಂಟಿ?” ಎಂದು ಪ್ರಶಾಂತ ನಕ್ಕಿದ್ದ. “ಹೌದಪ್ಪ, ಉಣ್ಣೆ ಸರ್ಕಾರದ್ದು,” ಎಂದಿದ್ದೆ ನಾನು.

ಒಂದೇ ತೊಡಕು. ರಿಬೇಟ್ ಬೇಕಾದರೆ ಕಂಟ್ರ್ಯಾಕ್ಟರನ ಇನ್ಸ್‌ಪೆಕ್ಟರ್ ಬಂದು ಇಡೀ ಮನೆ ನೋಡಬೇಕು, ಬೇಸ್‌ಮೆಂಟೂ ಸೇರಿ. ಅಲ್ಲಿ ನೀವು ಇದ್ದಿರಿ. ಅವನು ಕೌಂಟಿಗೆ ಹೇಳಿಬಿಟ್ಟರೆ? ನಾನು ನಿನ್ನನ್ನು ಮೇಲೆ ಕರೆದು, “ವಿನುತಾ, ಒಂದು ಫೇವರ್ ಮಾಡ್ತೀಯಾ? ಅವನು ಬರುವ ದಿನ ನಿಮ್ಮ ಸಾಮಾನು ಸ್ವಲ್ಪ ಆಚೆ ಇಡುವ. ಒಂದು ಬೆಳಿಗ್ಗೆ ಮಾತ್ರ,” ಎಂದೆ. ಪ್ರಶಾಂತನಿಗೆ ಅಂದು ರಜೆ ಸಿಗಲಿಲ್ಲ. ನೀನು ನಾಲ್ಕು ತಿಂಗಳ ಬಸುರಿ. ಹಾಸಿಗೆ, ಪಾತ್ರೆ, ದೇವರ ಪಟ, ಊರಿಂದ ತಂದಿದ್ದ ಆ ಎರಡು ದೊಡ್ಡ ಸೂಟ್‌ಕೇಸ್ — ನಾವಿಬ್ಬರೇ ಹಿತ್ತಲಿನ ಶೆಡ್ಡಿಗೆ ಸಾಗಿಸಿದೆವು. ನನ್ನ ಸೊಂಟ ನೋವೆಂದು ಭಾರದ್ದೆಲ್ಲ ನೀನೇ ಎತ್ತಿದೆ. ನಿನ್ನನ್ನು ಲೈಬ್ರರಿಗೆ ಬಿಟ್ಟು ಬಂದು ಅವನಿಗೆ ಬಾಗಿಲು ತೆಗೆದೆ.

ಒಳ್ಳೆಯ ಮನುಷ್ಯ. ಪ್ರತಿ ಮೂಲೆ ನೋಡಿದ. ಕೆಳಗೆ ಗ್ಯಾಸಿನ ವಾಟರ್ ಹೀಟರ್ ಮುಂದೆ ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತ. ಆಮೇಲೆ ತಲೆ ಎತ್ತಿ, “ಇಲ್ಲಿ ಯಾರಾದರೂ ಮಲಗುತ್ತಾರಾ, ಮ್ಯಾಮ್?” ಎಂದು ಕೇಳಿದ.

ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷಿನಲ್ಲಿ ಹೇಳಿದೆ: “ನೋಬಡಿ. ಓನ್ಲಿ ಸ್ಟೋರೇಜ್.”

ಅವನು ಕಾರಣವನ್ನೂ ಹೇಳಿದ, ವಿನುತಾ. ಅದನ್ನು ನಾನು ಮರೆತಿದ್ದೆ ಎನ್ನಲಾರೆ. ಅವನು ಹೇಳಿದ್ದು ಇಷ್ಟು: ಈ ಹೀಟರಿನ ಹೊಗೆ ಕೊಳವೆಯಲ್ಲಿ ಮೇಲೆ ಹೋಗಬೇಕಾದರೆ ಹೊರಗಿನಿಂದ ಗಾಳಿ ಒಳಗೆ ಬರುತ್ತಿರಬೇಕು. ಇಷ್ಟು ದಿನ ಮನೆಯ ಸಂದುಗಳಿಂದ ಬರುತ್ತಿತ್ತು, ಇನ್ನು ಅವನ್ನೆಲ್ಲ ಮುಚ್ಚುತ್ತೇವೆ. ಯಾರಾದರೂ ಮಲಗುವುದಿದ್ದರೆ ಮೊದಲು ಈ ಹೀಟರ್ ಬದಲಿಸದೆ ನಾನು ಕೆಲಸ ಶುರು ಮಾಡುತ್ತಿರಲಿಲ್ಲ. ಬರೀ ಸಾಮಾನಿಡುವ ಜಾಗ ತಾನೇ — ಗೋಡೆಯಲ್ಲಿ ಒಂದು ಗಾಳಿಕಿಂಡಿ ಕೊರೆಸುತ್ತೇನೆ. ಅದನ್ನು ಯಾವತ್ತೂ ಮುಚ್ಚಬೇಡಿ. ಮುಚ್ಚಿದರೆ ಹೊಗೆ ಕೋಣೆಗೇ ತಿರುಗುತ್ತದೆ. ಅದರಲ್ಲಿರುವ ವಿಷಗಾಳಿಗೆ ವಾಸನೆ ಇರುವುದಿಲ್ಲ. ಅದನ್ನು ಪತ್ತೆ ಹಚ್ಚುವ ಅಲಾರಂ ಒಂದು ತಂದಿಡಿ.

ಆಯಿತು, ಆಯಿತು ಎಂದೆ. ಮನಸ್ಸಿನಲ್ಲಿ ನಕ್ಕೆ. ಈ ಅಮೆರಿಕದವರಿಗೆ ಎಲ್ಲದಕ್ಕೂ ಹೆದರಿಕೆ, ನಾಳೆ ಯಾರಾದರೂ ಕೇಸ್ ಹಾಕಿದರೆ ಎಂದು. ನಾವು ಸೌದೆ ಒಲೆಯ ಹೊಗೆಯಲ್ಲೇ ಬೆಳೆದವರಲ್ಲವಾ?

ಕೆಲಸ ಮುಗಿಯಿತು, ನಿಮ್ಮ ಸಾಮಾನು ಮತ್ತೆ ಕೆಳಗೆ ಬಂತು. ಮೇಲೆ ನನ್ನ ಮನೆ ಬೆಚ್ಚಗಾಯಿತು. ಬಂದವರಿಗೆಲ್ಲ ಗೋಡೆ ಮುಟ್ಟಿಸಿ ತೋರಿಸಿದೆ. ಕೆಳಗೆ ನೀನು ನಡುಗುತ್ತಿದ್ದೆ.

“ಆ ಕಿಂಡ್ಯಾಗಿಂದ ಥಂಡಿ ಗಾಳಿ ಬರತೈತ್ರೀ ಆಂಟಿ. ಕಾಲು ಮರಗಟ್ಟತಾವು.”

ನಾನು ನನ್ನ ಹಳೆಯ ಹತ್ತಿ ಸೀರೆಯೊಂದನ್ನು ಮಡಿಸಿ ಆ ಕಿಂಡಿಗೆ ತುರುಕಿದೆ. ಮೇಲೆ ಅಗಲವಾದ ಟೇಪ್ ಅಂಟಿಸಿದೆ. ನೀನು ಕುರ್ಚಿ ಹಿಡಿದುಕೊಂಡಿದ್ದೆ, ನಾನು ಬೀಳದಿರಲಿ ಎಂದು. “ನಮ್ಮವ್ವ ಇದ್ದಂಗ ಅದೀರಿ,” ಎಂದೆ ನೀನು. ಹೀಟರ್ ಬದಲಿಸಬೇಕಾದರೆ ಮತ್ತೆ ಯಾರನ್ನೋ ಕರೆಯಬೇಕು, ಮತ್ತೆ ನಿಮ್ಮನ್ನು ಅಡಗಿಸಬೇಕು... ಸೀರೆ ಸುಲಭ. ಅಲಾರಂ ನಾಳೆ ತರುವ ಎಂದುಕೊಂಡೆ. ಆ ನಾಳೆ —

ಆಮೇಲೆ ನಿನಗೆ ತಲೆನೋವು ಶುರುವಾಯಿತು. ವಾಂತಿ. ಬೆಳಿಗ್ಗೆ ಏಳಲಾಗದಂಥ ಸುಸ್ತು. “ತಲಿ ಭಾಳ ನೋಯಾಕತ್ತೈತ್ರೀ ಆಂಟಿ. ಮ್ಯಾಲೆ ನಿಮ್ಮ ಹತ್ರ ಬಂದ್ರ ಹಗೂರ ಅನಸ್ತೈತಿ.” ನನ್ನ ಸಂಗ ನಿನಗೆ ಅಷ್ಟು ಇಷ್ಟ ಎಂದು ನಾನು ಹಿಗ್ಗಿದೆ. ಮೂರು ಹೆತ್ತವಳು ನಾನು, ಇದೆಲ್ಲ ಬಸುರಿಯರಿಗೆ ಸಹಜ, ಶುಂಠಿ ಚಾ ಕುಡಿ, ಮಲಗು ಎಂದೆ. ಹೋಗಿ ಮಲಗು ಎಂದು ಕೆಳಗೆ ಕಳಿಸಿದೆ. ಶನಿವಾರ, ಭಾನುವಾರ ಪ್ರಶಾಂತನಿಗೂ ತಲೆ ಭಾರವಾಗುತ್ತಿತ್ತು. ಅವನದ್ದು ಆಫೀಸಿನ ಟೆನ್ಶನ್ ಎಂದು ನಾನೇ ತೀರ್ಮಾನ ಕೊಟ್ಟೆ. ಎರಡನ್ನೂ ಕೂಡಿಸಿ ನೋಡುವಷ್ಟು ವಿದ್ಯೆ ನನಗಿತ್ತು. ನೋಡಲಿಲ್ಲ.

ಐದನೆಯ ತಿಂಗಳಲ್ಲಿ ನಿನ್ನ ಹೊಟ್ಟೆಯಲ್ಲಿ ಮಗು ಅಲುಗುವುದು ನಿಂತಿತು. ಹೆಣ್ಣು ಮಗು. ಡಾಕ್ಟರ್ ಕಾರಣ ಗೊತ್ತಾಗಲಿಲ್ಲ ಎಂದರು. ಕೆಲವೊಮ್ಮೆ ಹೀಗಾಗುತ್ತದೆ ಎಂದರು. ಅವರಿಗೆ ಸೀರೆಯ ವಿಷಯ ಯಾರು ಹೇಳಿದ್ದರು?

ನೀವಿಬ್ಬರೂ ಆಸ್ಪತ್ರೆಯಲ್ಲಿದ್ದಾಗ ನಿನ್ನ ಕೋಣೆ ಗುಡಿಸಲು ಇಳಿದೆ. ಸ್ವಲ್ಪ ಹೊತ್ತಿಗೇ ಹಣೆ ಸಿಡಿಯತೊಡಗಿತು. ಕಿಟಕಿ ಗಾಜಿನ ಮೇಲೆ ನೀರು ಹನಿಗಟ್ಟಿತ್ತು. ಹೀಟರಿನ ತಲೆಯ ಮೇಲೆ ಮಸಿ. ಆಗ ಆ ಇನ್ಸ್‌ಪೆಕ್ಟರನ ಮಾತು, ಪೂರ್ತಿ ಮಾತು, ನನ್ನ ಕಿವಿಗೆ ಬಂತು. ಟೇಪ್ ಕಿತ್ತೆ, ಸೀರೆ ಎಳೆದೆ, ಬಾಗಿಲು ಕಿಟಕಿ ತೆರೆದೆ. ಪ್ಲಂಬರನನ್ನು ಕರೆಸಿದೆ. ಅವನು ಎಲ್ಲವನ್ನೂ ಮತ್ತೆ ಮುಚ್ಚಿ, ವಿಷಗಾಳಿ ಅಳೆಯುವ ಮೀಟರ್ ಹಿಡಿದು ನೋಡಿ, ಕಿಂಡಿ ಮುಚ್ಚಿದ್ದಾಗ ಇಲ್ಲಿ ಮಲಗಿದವರು ಬದುಕಿದ್ದೇ ಹೆಚ್ಚು ಎಂದ. ಅವನಿಗೂ ಹೇಳಿದೆ — ಯಾರೂ ಮಲಗುತ್ತಿರಲಿಲ್ಲ. ಅಂದೇ ಹೊಸ ಹೀಟರ್ ಬಂತು. ಅಲಾರಂ ಬಂತು. ನೀನು ವಾಪಸಾದಾಗ, “ನಿನಗೆ ಬಿಸಿನೀರು ಚೆನ್ನಾಗಿ ಸಿಗಲಿ ಅಂತ ಹಾಕಿಸಿದೆ,” ಎಂದೆ. ನೀನು ನನ್ನ ಕೈ ಹಿಡಿದು ಅತ್ತೆ.

ಇಲ್ಲಿಯವರೆಗಿನದ್ದನ್ನು ಮೂರ್ಖತನ ಎನ್ನಬಹುದೇನೋ. ಮುಂದಿನದ್ದಕ್ಕೆ ಆ ಹೆಸರು ಸಲ್ಲದು.

ನೀನು ವಾಪಸಾದ ದಿನ ಸಂಜೆ ಧಾರವಾಡದಿಂದ ನಿನ್ನ ಅತ್ತೆಯ ಫೋನ್ ಬಂತು. ಪ್ರಶಾಂತ ಸ್ಪೀಕರಿನಲ್ಲಿ ಹಾಕಿದ್ದ. ನಾನು ನಿನ್ನ ಪಕ್ಕದಲ್ಲೇ ಗಂಜಿ ಬಟ್ಟಲು ಹಿಡಿದು ಕುಳಿತಿದ್ದೆ. ಸಾಮಾನು ಸಾಗಿಸಿದ ವಿಷಯ ಅವನ ಬಾಯಿಂದ ಜಾರಿತು.

“ಬಸುರಿ ಹೆಂಗಸು ಅಷ್ಟು ಭಾರ ಎತ್ತತಾಳೇನವಾ? ಎಂಎಸ್ಸಿ ಓದಿದಾಕಿ ಅಂತ ತಂದ್ವಿ, ಇಷ್ಟೂ ತಿಳೀಲಿಲ್ಲ ನಿನಗ? ಯಾರು ಎತ್ತಂದ್ರು?”

ನೀನು ನನ್ನ ಮುಖ ನೋಡಿದೆ. ನಾನು ಗಂಜಿ ನೋಡಿದೆ.

“ಯಾರೂ ಅನ್ಲಿಲ್ರೀ ಅತ್ತಿ. ಆಂಟಿ ಬ್ಯಾಡ ಅಂದ್ರು. ನಾನ ಎತ್ತಿದೆ.”

ಬೇಡ ಎಂದು ನಾನು ಅಂದಿರಲಿಲ್ಲ, ವಿನುತಾ. ನನ್ನ ಮಾನ ಉಳಿಸಲು ನೀನು ಸುಳ್ಳಾಡಿದೆ, ಮಗು ಕಳೆದುಕೊಂಡ ಮೂರನೆಯ ದಿನ. ಫೋನ್ ಇಟ್ಟ ಮೇಲೆ ನೀನು ಮೆಲ್ಲಗೆ ಕೇಳಿದೆ: “ಆ ಪೆಟ್ಟಿಗಿ ಎತ್ತಬಾರದಿತ್ತು, ಅಲ್ರೀ ಆಂಟಿ?”

ಒಂದೇ ಒಂದು ಶಬ್ದ ಸಾಕಿತ್ತು. ‘ಅಲ್ಲ’ ಎಂದಿದ್ದರೆ ಸಾಕಿತ್ತು. ಅದರ ಬದಲು ನಾನು ನಿನ್ನ ತಲೆ ಸವರಿ ಹೇಳಿದೆ: “ಆದದ್ದು ಆಯಿತು ಮಗಾ. ಮುಂದಿನ ಸಲ ಜಾಗ್ರತೆ ಮಾಡು.”

ಆ ಮಾತಿನಿಂದ ನಿನ್ನ ಮೇಲೆ ಆ ಹೊರೆ ಹೊರಿಸಿ ಗಂಟು ಬಿಗಿದವಳು ನಾನೇ.

ಯಾಕೆ ಹೇಳಲಿಲ್ಲ? ಪೊಲೀಸು, ಕೌಂಟಿ, ಚರ್ಚಿನ ಜನ, ಕನ್ನಡ ಕೂಟ... ಎಲ್ಲ ಹೆದರಿಕೆಯೂ ನಿಜ. ಯಾವುದೂ ಉತ್ತರವಲ್ಲ. ಆಮೇಲೆ ಬಂದ ಈಸ್ಟರಿಗೆ ಮುಂಚೆ ಪಾಪನಿವೇದನೆಗೆ ಹೋದೆ. ಫಾದರ್ ಮುಂದೆ ಮೊಣಕಾಲೂರಿ, “ಬಾಡಿಗೆಯವರ ವಿಷಯದಲ್ಲಿ ಒಂದು ಸುಳ್ಳು ಹೇಳಿದೆ,” ಎಂದೆ. ಅವರು ಪ್ರಾಯಶ್ಚಿತ್ತಕ್ಕೆ ಸಣ್ಣದೊಂದು ಪ್ರಾರ್ಥನೆ ಕೊಟ್ಟರು. ಕಾರಿನಲ್ಲೇ ಹೇಳಿ ಮುಗಿಸಿ, ದಾರಿಯಲ್ಲಿ ಮೀನು ಕೊಂಡು ಮನೆಗೆ ಬಂದೆ. ಅರ್ಧ ಹೇಳಿದ ಪಾಪ ದೇವರಿಗೆ ಹೇಳಿದ ಸುಳ್ಳು ಎಂದು ಸಿಸ್ಟರ್‌ಗಳು ಕಲಿಸಿದ್ದರು. ಅಂಥವರು ಮುಟ್ಟಬಾರದೆಂದು ಅಂದಿನಿಂದ ನಾನು ಚರ್ಚಿನಲ್ಲಿ ಪರಮಪ್ರಸಾದ ತೆಗೆದುಕೊಂಡಿಲ್ಲ. ಸಾಲಿನಲ್ಲಿ ನಿಂತವರಿಗೆ ದಾರಿ ಬಿಟ್ಟು ಬೆಂಚಿನಲ್ಲೇ ಕುಳಿತಿರುತ್ತೇನೆ. ಆಂಟಿಗೆ ಮಂಡಿನೋವು ಎಂದುಕೊಳ್ಳುತ್ತಾರೆ.

ನೀವು ಆ ಬೇಸಿಗೆಯಲ್ಲಿ ದೂರದ ಶಾರ್ಲಟ್ ಊರಿಗೆ ಹೋದಿರಿ. ಒಂದಷ್ಟು ವರ್ಷ ಕ್ರಿಸ್‌ಮಸ್ಸಿಗೆ ನೀನು ಫೋನ್ ಮಾಡುತ್ತಿದ್ದೆ. ಮಾತು ಮುಗಿಸುವ ಅವಸರ ನನ್ನದೇ. ನೀನು ಮಕ್ಕಳ ವಿಷಯ ಎತ್ತಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಅದೂ ನಿಂತಿತು. ಹೋದ ತಿಂಗಳು ನನ್ನ ಗೆಳತಿ ಲಿಲ್ಲಿ ಶಾರ್ಲಟ್‌ನಲ್ಲಿ ಯಾರದೋ ಮಗುವಿನ ನಾಮಕರಣಕ್ಕೆ ಹೋಗಿ ಬಂದಳು. ನಿನ್ನನ್ನು ನೋಡಿದಳಂತೆ. ಬಾಣಂತಿ ಕೂಸನ್ನು ನಿನ್ನ ಕಡೆ ಚಾಚಿದಾಗ ನೀನು ಎರಡು ಹೆಜ್ಜೆ ಹಿಂದೆ ಸರಿದು, “ನನ್ನ ಕೈ ಛಲೋ ಇಲ್ರೀ,” ಎಂದೆಯಂತೆ. ಈಗ ನಿಮ್ಮ ಜೊತೆಗೇ ಇರುವ ನಿನ್ನ ಅತ್ತೆ ಹೌದು ಎಂದು ತಲೆಯಾಡಿಸಿದರಂತೆ. “ವಿಚಿತ್ರ ಹುಡುಗಿ, ಅಲ್ಲವಾ ಐರಿನ್?” ಎಂದಳು ಲಿಲ್ಲಿ. ನಾನು ಫೋನ್ ಇಟ್ಟೆ.

ಇಷ್ಟು ವರ್ಷ, ಇಷ್ಟು ತೊಟ್ಟಿಲುಗಳು. ಒಂದೊಂದು ಸಲವೂ ನೀನು ಹಿಂದೆ ಸರಿದಿರಬೇಕು. ಲೆಕ್ಕ ಹಾಕಲು ಹೋಗಿ, ಆಗದೆ ಬಿಟ್ಟೆ.

ಆ ಹೊಗೆಯಿಂದಲೇ ಮಗು ಹೋಯಿತೆಂದು ಏನು ಖಾತ್ರಿ ಎಂದು ಯಾರಾದರೂ ನನ್ನನ್ನು ಸಮಾಧಾನ ಮಾಡಬಹುದು. ಬೇಡ. ನೀನಲ್ಲವೆಂದು ನನಗೆ ಖಾತ್ರಿಯಿತ್ತು. ಅಷ್ಟನ್ನಾದರೂ ನಾನು ಹೇಳಬಹುದಿತ್ತು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ — ನಿನ್ನ ಸ್ವಭಾವ ನನಗೆ ಗೊತ್ತು — ಆಗ ಅದನ್ನೂ ನಿನ್ನಿಂದ ಕಿತ್ತುಕೊಂಡಂತಾಗುತ್ತದೆ.

ಬರುವ ಶನಿವಾರ ಶಾರ್ಲಟ್‌ಗೆ ಟ್ರೈನ್ ಹಿಡಿಯುತ್ತಿದ್ದೇನೆ. ಅಷ್ಟರಲ್ಲಿ ನೀನು ಇದನ್ನು ಓದಿರುತ್ತೀಯ; ನಿನ್ನ ಅತ್ತೆಗೆ ನಾನೇ ಬಾಯಿಬಿಟ್ಟು ಹೇಳಬೇಕು. ಇಂಗ್ಲಿಷಿನ ಒಂದು ಪದವೂ ಇಲ್ಲದೆ, ಅವರಿಗೆ ತಿಳಿಯುವ ಕನ್ನಡದಲ್ಲಿ. ನೀನು ಬಾಗಿಲು ತೆಗೆಯಲೇಬೇಕೆಂದಿಲ್ಲ, ವಿನುತಾ. ಹೊರಗೆ ನಿಂತು, ಒಳಗಿರುವ ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿ ಹೊರಟುಹೋಗುತ್ತೇನೆ.