ರಿಪೇರಿಯವನ ಮುಂದ ಶಾಣ್ಯಾ ಆಗೋ ಕಂಪ್ಯೂಟರ

ಪೂರ್ತಿ ಕೆಟ್ಟ ಸಾಮಾನಿನ ಮ್ಯಾಲ ನನಗ ಸಿಟ್ಟಿಲ್ಲ. ಕೆಟ್ಟತು, ಮುಗೀತು; ಅಟ್ಟದ ಮ್ಯಾಲ ಹಾಕಿ ಕೈ ತೊಳಕೊಂಡ್ರಾತು. ನನ್ನ ಜೀವಾ ತಿಂದದ್ದು ಇವತ್ತು ನಡದು, ನಾಳೆ ನಿಂತು, ನಾಡದು ಏನೂ ಆಗೇ ಇಲ್ಲ ಅನ್ನೋಹಂಗ ಮತ್ತ ನಡಿಯೋ ಸಾಮಾನು. ಗಡಿ ಊರು ಉಮದಿಯ ನಮ್ಮ ಪಡಸಾಲ್ಯಾಗ ಅಂಥಾದೊಂದು ಹಳೇ ಕಂಪ್ಯೂಟರ ಇತ್ತು. ಸಾಂಗಲಿಯ ಯಾವುದೋ ಆಫೀಸಿನ್ಯಾಗ ದುಡದು ದಣದದ್ದನ್ನ ನಾ ಮನಿಗಿ ತಂದಿದ್ದೆ. ನಾನು ಕನ್ನಡ ಸಾಲಿ ಗುರೂಜಿ. ದಿನಾ ಸಂಜೀಕ ಸಾಲಿ ಬಿಟ್ಟ ಮ್ಯಾಲ ಊರವರ ಲಗ್ನಪತ್ರಿಕಿ ಟೈಪ್ ಮಾಡಿಕೊಡೋದು ನನಗ ಹತ್ತಿದ ಹುಚ್ಚು.

ತಂದ ದಿನಾನ ಅವ್ವಗ ಅಪ್ಪಣಿ ಮಾಡಿದ್ದೆ: "ಆ ಖಿಡಕಿ ಹೊರಗ ಇನ್ನ ಮ್ಯಾಲ ನೀರು ಚೆಲ್ಲಬ್ಯಾಡ. ಕಂಪ್ಯೂಟರಕ್ಕ ನೀರಂದ್ರ ವೈರಿ." ಖಿಡಕಿ ಹೊರಗ ಅವ್ವನ ಕರಿಬೇವಿನ ಗಿಡ ಇತ್ತು. ಆಕಿ ಗಿಡ ನೋಡಿದಳು, ನನ್ನ ನೋಡಿದಳು, ಕೈಯಾಗಿನ ಕೊಡ ಕೆಳಗಿಟ್ಟಳು.

ಆಮ್ಯಾಲ ಸುರು ಆತು ನೋಡ್ರಿ ನನ್ನ ವನವಾಸ. ಒಂದಿನ ಗುಂಡಿ ಒತ್ತಿದ ಕೂಡಲೇ ಏಳೋದು. ಒಂದಿನ ನೀಲಿ ಪರದಾ ಹಾಕ್ಕೊಂಡು ಡಿಸ್ಕ್ ತಪಾಸ ಮಾಡಕೋತ, ನಾ ಎರಡು ಸಲ ಚಹಾ ಕುಡದು ಬಂದ್ರೂ ಅಲ್ಲೇ ಕುಂತಿರೋದು. ಇನ್ನೊಂದಿನ ಡಿಸ್ಕೇ ಇಲ್ಲ ಅಂತಿತ್ತು. ಎಲ್ಲಿ ಹೋಗಿತ್ತಪಾ ಡಿಸ್ಕು, ಸಂತಿಗೇನು? ಸಾಲ್ಯಾಗ ಹುಡುಗರ ಕಡಿಂದ ಕಸಗೊಂಡ ರಬ್ಬರ್ ತಗೊಂಡು ಮೆಮರಿ ಪಟ್ಟಿ ತಿಕ್ಕಿದೆ. ಕೇಬಲ್ ಕಿತ್ತಿ ಹಚ್ಚಿದೆ, ಊದಿದೆ, ಬೈದೆ. ಬೈದಾಗ ಎರಡು ಸಲ ಎದ್ದಿತ್ತು ಅನ್ನೋದನ್ನೂ ಮುಚ್ಚಿಡೂದಿಲ್ಲ.

ತೊಡಿ ಮ್ಯಾಲ ಇಟ್ಟಕೊಂಡು ಬಸ್ಸಿನ್ಯಾಗ ವಿಜಾಪುರಕ್ಕ ಒಯ್ದೆ. ರಿಪೇರಿ ಶಿವಾನಂದ ಗುಂಡಿ ಒತ್ತಿದ; ಒಂದ ಏಟಿಗೆ ಎದ್ದು ಕುಂತಿತು. "ಚಲೋ ಅದಲ್ರಿ ಗುರೂಜಿ, ಏನಾಗೇದ ಇದಕ್ಕ?" ಅಂದ. ಸುಳ್ಳಾ ಆದವನು ನಾನು! ಅದರ ಮಾರಿ ನೋಡಿದ್ರ ಒದೀಬೇಕು ಅನಸ್ತು.

ತರ್ಕಶಾಸ್ತ್ರದಾಗ ಅನ್ವಯ-ವ್ಯತಿರೇಕ ಅಂತ ಒಂದು ಪದ್ಧತಿ ಅದ. ಯಾವುದು ಇದ್ದಾಗ ಒಂದು ಸಂಗತಿ ಆಗತದೋ, ಇಲ್ಲದಾಗ ಆಗೂದಿಲ್ಲೋ, ಅದ ಅದರ ಕಾರಣ. ಗ್ವಾಡಿ ಕ್ಯಾಲೆಂಡರಿನ ಮ್ಯಾಲ ಅದು ನಡದ ದಿನ, ಕೆಟ್ಟ ದಿನ ಗುರುತು ಹಾಕಕೋತ ಹ್ವಾದೆ. ಸಾಲಿ ಮೀಟಿಂಗಿಗಂತ ನಾ ತಾಲೂಕಿನ ಊರು ಜತ್ತಿಗಿ ಹೋಗಿಬಂದ ಸಂಜೀಕ ನಡೀತಿತ್ತು. ನಾ ಮನ್ಯಾಗ ಕುಂತ ದಿನ ಕೆಡತಿತ್ತು. ಅಂದ್ರ ಶಾಸ್ತ್ರದ ಪ್ರಕಾರ ರೋಗ ನಾನ! ಇದನ್ನ ಅವ್ವನ ಮುಂದ ಹೇಳಿಕೊಂಡ್ರ ಆಕಿ ನಗಲೂ ಇಲ್ಲ. ಲಗುಲಗು ಒಳಗ ಹ್ವಾದಳು.

ಇಷ್ಟರಾಗ ಬ್ಯಾಸಿಗಿ ಸೂಟಿ ಬಂತು. ಜತ್ತಿನ ಮೀಟಿಂಗ್ ಇನ್ನೊಂದ ಉಳಿದಿತ್ತು. ಬಾಜೂ ಮನಿಯ, ಕೈಬಳಿ ಮಾರೋ ರಾಜೇಸಾಬನ ಮಗಳ ಶಾದಿ ಗೊತ್ತಾತು. ಆತಗೂ ವಳಸಂಗದಾಗಿರೋ ತಮ್ಮಗೂ ಎಷ್ಟೋ ವರ್ಷದಿಂದ ಮಾತಿರಲಿಲ್ಲ. ಹಿರ್‍ಯಾರು ಇಬ್ಬರನ್ನೂ, ನಾ ಆ ಕಡೀ ಮೀಟಿಂಗ್ ಮುಗಿಸಿ ಬಂದ ಸಂಜೀಕ, ನನ್ನ ಕಂಪ್ಯೂಟರಿನ ಮುಂದ ತಂದು ಕುಂದ್ರಿಸಿದ್ರು. ಅಣ್ಣನ ಹೆಸರಿನ ಸಾಲಿನ್ಯಾಗ, ಅಷ್ಟ ದಪ್ಪ ಅಕ್ಷರದಾಗ ತನ್ನ ಹೆಸರು ಪರದಾದ ಮ್ಯಾಲ ಕಂಡ ಕೂಡಲೇ ತಮ್ಮ ಕರಗಿದ. "ಹಿಂಗ ಛಾಪಿಸಿದ್ರ ಬರ್ತೀನಿ. ಅಕ್ಷರ ಸಣ್ಣ ಆತಂದ್ರ ಬರೂದಿಲ್ಲ," ಅಂದು ಹ್ವಾದ.

ಮರುದಿನ ಮುಂಜಾನಿ ಡಿಸ್ಕ್ ನಾಪತ್ತೆ.

ರಾಜೇಸಾಬ ದಿನಾ ಎರಡ್ಹೊತ್ತು ಬಂದು, ಜಡ್ಡಾದವರನ್ನ ವಿಚಾರಿಸೋಹಂಗ, "ಎದ್ದತೇನ್ರಿ ಗುರೂಜಿ?" ಅಂತಿದ್ದ. ಜತ್ತಿನ ಪ್ರೆಸ್ಸಿನ್ಯಾಗ ಮಾಡಸು ಅಂದ್ರ ಕೇಳಲಿಲ್ಲ. "ಬ್ಯಾಡ್ರಿ. ಆತ ಇಲ್ಲಿ ನೋಡಿ ಒಪ್ಯಾನ. ಬ್ಯಾರೆ ಕಡೆ ಮಾಡಸಿದ್ರ ಏನೋ ಬದಲ ಮಾಡ್ಯಾರ ಅಂತಾನ. ಇದ್ದಾವ ಒಬ್ಬ ತಮ್ಮರಿ," ಅಂದು ಕಣ್ಣು ಒರಸಕೊಂಡ. ಶಿವಾನಂದಗ ಫೋನ್ ಮಾಡಿ, "ನೀನ ಬಂದು ನೋಡೋ ಮಾರಾಯಾ," ಅಂದೆ.

ಬಂದಾವ ಕಂಪ್ಯೂಟರ ಮುಟ್ಟಲೇ ಇಲ್ಲ. "ಅರ್ಥಿಂಗ್ ಎಲ್ಲಿ ಹೂಳೀರಿ?" ಅಂದ. ಖಿಡಕಿ ಹೊರಗ ಕರಕೊಂಡು ಹ್ವಾದೆ. ಹೆಚ್ಚಿನ ಕರೆಂಟು ನೆಲಕ್ಕ ಇಳಸೋ ಅರ್ಥಿಂಗಿನ ಪೈಪು ಕರಿಬೇವಿನ ಬುಡದಾಗ ಇತ್ತು. ಮಣ್ಣು ಬಾಯಿ ಬಿಟ್ಟಿತ್ತು, ಎಲಿ ಬಾಡಿ ಜೋತುಬಿದ್ದಿದ್ವು. "ಈ ಮಣ್ಣು ಹಸೀ ಇರಬೇಕ್ರಿ. ಒಣಗಿದ್ರ ಕರೆಂಟಿನ ಕಿರಿಕಿರಿ ಎಲ್ಲಾ ಡಿಸ್ಕಿಗೆ ಬಡೀತದ. ನನ್ನ ಅಂಗಡ್ಯಾಗ ಅರ್ಥಿಂಗ್ ಚಲೋ ಅದ, ಅದಕ್ಕ ಅಲ್ಲಿ ಎದ್ದಿತ್ತು. ಇಲ್ಲಿ ಯಾರೂ ನೀರು ಹಾಕೂದಿಲ್ಲೇನು?"

"ನಾನ ಬ್ಯಾಡಂದೀನಿ," ಅಂದೆ, ಶಾಣ್ಯಾನಂಗ.

ಬಾಗಲದಾಗ ನಿಂತ ಅವ್ವ ಸೆರಗು ಬಾಯಿಗಿ ಹಿಡದು, "ನೀ ಜತ್ತಿಗಿ ಹೋದಾಗ ನಾ ಒಂದೊಂದು ಕೊಡ ಹಾಕತಿದ್ದೆಪಾ, ಗಿಡ ಸಾಯತದಂತ," ಅಂದಳು. "ಈಗ ಸೂಟಿ. ನೀ ಮನೀ ಬಿಟ್ಟು ಅಳ್ಳಾಡವಲ್ಲಿ."

ನಾನ ಎರಡು ಕೊಡ ತಂದು ಸುರುವಿದೆ. ತಾಸಿನ್ಯಾಗ ಕಂಪ್ಯೂಟರ ಎದ್ದಿತು. ಪತ್ರಿಕಿ ಹೊಂಟಿತು. ಶಾದಿ ದಿನ ರಾಜೇಸಾಬನ ತಮ್ಮ ಬಂದ, ಪತ್ರಿಕಿ ಮ್ಯಾಲಿನ ಎರಡೂ ಹೆಸರು ಬಟ್ಟಿನಿಂದ ಅಳತಿ ಮಾಡಿ ನೋಡಿದ, ಆಮ್ಯಾಲ ಅಣ್ಣನ ಬಾಜೂಕ ಊಟಕ್ಕ ಕುಂತ.

ತರ್ಕಶಾಸ್ತ್ರ ಸುಳ್ಳು ಹೇಳಿರಲಿಲ್ಲ, ರೋಗ ನಾನ ಆಗಿದ್ದೆ. ಅವ್ವ ನನ್ನ ಮಾತು ಚಾಚೂ ತಪ್ಪದ ಕೇಳಿದ್ದರ ಗಿಡಾನೂ ಹೋಗತಿತ್ತು, ಡಿಸ್ಕೂ ಹೋಗತಿತ್ತು. ಅದಕ್ಕ ಈಗ ಮನ್ಯಾಗ ಏನರ ಅಪ್ಪಣಿ ಕೊಡೂ ಮೊದಲ, ಅವ್ವ ಅದನ್ನ ಮೀರತಾಳ ಅಂತ ಖಾತ್ರಿ ಮಾಡಕೊಂಡ ಕೊಡತೀನಿ.